ಚೆಂಡೆಯ ಪೆಟ್ಟು, ಸುರಂಗದ ದಾರಿ: ಸ್ವಂತ ಮಂತ್ರಕ್ಕೆ ಯಾವ ಚೌಕಟ್ಟು ಆರಿಸಬೇಕು?

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಮೇಜಿನ ಸುತ್ತ ಕೂತು ದಾಳ ಹಾಕಿ ಕಥೆ ನಡೆಸುವ ಆಟಕ್ಕೆ ಕಾಸರಗೋಡಿನ ಕುಂಬಳೆ ಸೀಮೆಯಂಥ ಊರಿನಲ್ಲಿ ಕಥೆ ಕಟ್ಟಿರುತ್ತೀರಿ. ಮುರಕಲ್ಲಿನ ಗುಡ್ಡ, ಅಡಿಕೆ ತೋಟ, ಕಡಲ ದಂಡೆಯಲ್ಲಿ ಬೇಕಲದ ಹಾಗೊಂದು ಕೋಟೆ. ಮೇಜಿನ ಸುತ್ತ ಮಾತು ಕನ್ನಡದಲ್ಲಿ, ನಡುನಡುವೆ ತುಳು, ಮಲಯಾಳ. ಮಂತ್ರವಾದಿ ಮಾತ್ರ ನಿಯಮಪುಸ್ತಕದಲ್ಲಿರುವ ಬೆಂಕಿಯುಂಡೆಯ ಮಂತ್ರ ಫೈರ್‌ಬಾಲನ್ನೇ ಎಸೆಯುತ್ತಾನೆ. ಚೆಂಡೆಯ ಪೆಟ್ಟಿಗೆ ಶತ್ರು ತತ್ತರಿಸುವ ಮಂತ್ರ ಒಂದು ಬೇಕು, ಗುಡ್ಡದೊಳಗೆ ಸುರಂಗ ತೆಗೆಯುವ ಮಂತ್ರ ಇನ್ನೊಂದು ಬೇಕು ಎಂದು ಆಟಗಾರರು ಕೇಳಿಯೇ ಕೇಳುತ್ತಾರೆ. ಕೇಳಿದವರಿಗೆ ಇಲ್ಲ ಎನ್ನಬಾರದು. ಊರಿನ ಒಂದು ಸದ್ದು ಆಟದೊಳಗೆ ಬಂದರೆ ಆ ಲೋಕ ಅವರದ್ದಾಗುತ್ತದೆ.

ಆದರೆ ಮಂತ್ರ ಬರೆಯಲು ಕೂತ ಡಿಎಂ (ಆಟ ನಡೆಸುವವರು) ಮೊದಲು ಕೇಳಿಕೊಳ್ಳುವುದು "ಎಷ್ಟು ದಾಳ ಹಾಕಲಿ?" ಎಂದು. ಅದು ಎರಡನೆಯ ಪ್ರಶ್ನೆ. ಮೊದಲು ಆಗಬೇಕಾದದ್ದು ಚೌಕಟ್ಟಿನ ಆಯ್ಕೆ. ಒಬ್ಬನಿಗೆ ಗುರಿಯಿಟ್ಟು ಹೊಡೆಯುವುದೋ, ಒಂದು ಜಾಗದಲ್ಲಿದ್ದವರೆಲ್ಲ ಸೇವ್ ಮಾಡುವುದೋ (ತಪ್ಪಿಸಿಕೊಳ್ಳಲು ದಾಳ ಹಾಕುವುದೋ), ಪೆಟ್ಟೇ ಇಲ್ಲದೆ ಎದುರಾಳಿಯ ಸರದಿ ಕೆಡಿಸುವುದೋ? ಒಂದೇ ಚೆಂಡೆ ಈ ಮೂರರಲ್ಲಿ ಮೂರು ಬೇರೆ ಮಂತ್ರವಾಗುತ್ತದೆ, ಮೂರರ ತೂಕವೂ ಬೇರೆ. ಇಲ್ಲಿರುವ ಲೆಕ್ಕಗಳು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯ 2014ರ ನಿಯಮಗಳ ಮೇಲೆ ನಿಂತಿವೆ. 2024ರ ನಿಯಮ ಬೇರೆಯಾದ ಕೆಲವು ಕಡೆ ಅದನ್ನು ಹೇಳಲಾಗಿದೆ.

ಮೊದಲು ನೋಡಬೇಕಾದದ್ದು: ಹೆಸರು ಬದಲಿಸಿದರೆ ಸಾಕೇ?

ಎಷ್ಟೋ ಸಲ ಹೊಸ ಮಂತ್ರವೇ ಬೇಕಿರುವುದಿಲ್ಲ. ಆಟಗಾರ ಕೇಳುತ್ತಿರುವುದು ಚೆಂಡೆಯ ಸದ್ದನ್ನು, ಅದರ ಹಿಂದಿನ ನಿಯಮವನ್ನಲ್ಲ. ಪುಸ್ತಕದಲ್ಲಿ 2ನೇ ಹಂತದ (ಹಂತ ಎಂದರೆ ಮಂತ್ರದ ಬಲದ ಮೆಟ್ಟಿಲು) ಶ್ಯಾಟರ್ ಇದೆ: 60 ಅಡಿ ದೂರದವರೆಗೆ, 10 ಅಡಿ ತ್ರಿಜ್ಯದ ಗೋಳ, 3ಡಿ8 (ಎಂಟು ಮುಖದ ಮೂರು ದಾಳದ ಮೊತ್ತ) ಗುಡುಗಿನ ಪೆಟ್ಟು, ಕಾನ್‌ಸ್ಟಿಟ್ಯೂಶನ್ ಸೇವ್ ಗೆದ್ದರೆ ಅರ್ಧ. 1ನೇ ಹಂತದಲ್ಲಿ ಥಂಡರ್‌ವೇವ್ ಇದೆ: 15 ಅಡಿಯ ಘನ, 2ಡಿ8, ಸೇವ್ ಸೋತವರು 10 ಅಡಿ ಹಿಂದಕ್ಕೆ, ಸದ್ದು 300 ಅಡಿಯವರೆಗೆ. ಇವುಗಳಲ್ಲಿ ಒಂದಕ್ಕೆ "ಚೆಂಡೆಪೆಟ್ಟು" ಎಂದು ಹೆಸರಿಟ್ಟು, ಗಾಳಿಯಲ್ಲಿ ಕಾಣದ ಕೋಲುಗಳು ಬಡಿಯುತ್ತವೆ ಎಂದು ವರ್ಣಿಸಿದರೆ ಕೆಲಸ ಮುಗಿಯಿತು. ತೂಕ ನೋಡುವ ಗೊಡವೆಯೇ ಇಲ್ಲ, ಏಕೆಂದರೆ ಅಂಕಿ ಒಂದೂ ಬದಲಾಗಿಲ್ಲ.

ವೇಷ ಬದಲಿಸುವಾಗ ಪೆಟ್ಟಿನ ಜಾತಿ ಬದಲಿಸಬೇಡಿ. ಬೆಂಕಿ ಮತ್ತು ವಿಷಕ್ಕೆ ತಡೆ ಇರುವ ರಾಕ್ಷಸರು ಪುಸ್ತಕದಲ್ಲಿ ತುಂಬ, ಗುಡುಗಿಗೆ ತಡೆ ಇರುವವರು ಕಡಿಮೆ. ಹಾಗಾಗಿ "ಫೈರ್‌ಬಾಲ್, ಆದರೆ ಗುಡುಗಿನದ್ದು" ಎಂಬ ಸಣ್ಣ ಬದಲಾವಣೆಯೂ ಮಂತ್ರವನ್ನು ಬಲಗೊಳಿಸುತ್ತದೆ. ಫೈರ್‌ಬಾಲ್ ಮೊದಲೇ ಮಿತಿ ದಾಟಿದ ಮಂತ್ರ, ಅದರ ಲೆಕ್ಕ ಮುಂದೆ ಬರುತ್ತದೆ.

ಹೆಸರಿನ ವಿಷಯದಲ್ಲಿ ಇನ್ನೊಂದು ಮಾತು. ಚೆಂಡೆ, ಮದ್ದಳೆ, ಸುರಂಗ, ಕಡಲು, ಮಳೆ ಎಲ್ಲವನ್ನೂ ಧಾರಾಳವಾಗಿ ಬಳಸಿ. ದೈವಗಳ ಹೆಸರನ್ನು ಮಾತ್ರ ಕರೆದರೆ ಬರುವ ಭೂತ ಎಂಬಂತೆ ಮಂತ್ರಕ್ಕೆ ಇಡಬೇಡಿ. ಕೋಲಕ್ಕೋ ತೆಯ್ಯಂಗೋ ನಿನ್ನೆ ರಾತ್ರಿ ಕೈಮುಗಿದು ಬಂದವರು ಅದೇ ಮೇಜಿನಲ್ಲಿ ಕೂತಿರಬಹುದು. ಅವರಿಗದು ಕಥೆಯ ಪಾತ್ರವಲ್ಲ.

ಅಳತೆಗೋಲು

ವೇಷ ಬದಲಾಯಿಸಿದ್ದು ಸಾಲದು, ಹೊಸ ನಿಯಮವೇ ಬೇಕು ಎಂದಾದರೆ ಡಿಎಂಗಳ ಮಾರ್ಗದರ್ಶಿ ಪುಸ್ತಕದ ಪೆಟ್ಟಿನ ಪಟ್ಟಿಯಿಂದ ಶುರುಮಾಡಿ. 2014ರ ಪುಸ್ತಕದಲ್ಲಿ ಕೆಳಗಿನ ಹಂತಗಳಿಗೆ ಅದು ಹೀಗಿದೆ:

ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಪುಕ್ಕಟೆ ಹಾಕುವ ಮಂತ್ರ): ಒಬ್ಬನಿಗೆ 1ಡಿ10, ಹಲವರಿಗೆ 1ಡಿ6
1ನೇ ಹಂತ: ಒಬ್ಬನಿಗೆ 2ಡಿ10, ಹಲವರಿಗೆ 2ಡಿ6
2ನೇ ಹಂತ: ಒಬ್ಬನಿಗೆ 3ಡಿ10, ಹಲವರಿಗೆ 4ಡಿ6
3ನೇ ಹಂತ: ಒಬ್ಬನಿಗೆ 5ಡಿ10, ಹಲವರಿಗೆ 6ಡಿ6
4ನೇ ಹಂತ: ಒಬ್ಬನಿಗೆ 6ಡಿ10, ಹಲವರಿಗೆ 7ಡಿ6
5ನೇ ಹಂತ: ಒಬ್ಬನಿಗೆ 8ಡಿ10, ಹಲವರಿಗೆ 8ಡಿ6

ಈ ಪಟ್ಟಿಗೊಂದು ಷರತ್ತಿದೆ, ಹೆಚ್ಚಿನವರು ಎಡವುವುದು ಅಲ್ಲೇ. ಸೇವ್ ಗೆದ್ದರೂ, ಹೊಡೆತ ತಪ್ಪಿದರೂ ಅರ್ಧ ಪೆಟ್ಟು ಬೀಳುತ್ತದೆ ಎಂದು ಹಿಡಿದು ಮಾಡಿದ ಪಟ್ಟಿ ಇದು. ತಪ್ಪಿದಾಗ ಏನೂ ಇಲ್ಲ ಎಂದು ನಿಮ್ಮ ಮಂತ್ರ ಹೇಳಿದರೆ ಪೆಟ್ಟನ್ನು 25% ಏರಿಸಬಹುದು.

ಸರಾಸರಿ ತೆಗೆಯುವುದು ಸುಲಭ: ಡಿ4ಕ್ಕೆ 2.5, ಡಿ6ಕ್ಕೆ 3.5, ಡಿ8ಕ್ಕೆ 4.5, ಡಿ10ಕ್ಕೆ 5.5, ಡಿ12ಕ್ಕೆ 6.5. 3ನೇ ಹಂತದ 6ಡಿ6 ಎಂದರೆ 21. ಫೈರ್‌ಬಾಲ್ ಕೊಡುವುದು 8ಡಿ6, ಅಂದರೆ 28. ಮಿತಿಗಿಂತ ಮೂರನೇ ಒಂದು ಪಾಲು ಹೆಚ್ಚು. ಲೈಟ್ನಿಂಗ್ ಬೋಲ್ಟ್ ಕೂಡ ಹಾಗೆಯೇ. ಇವೆರಡನ್ನು ಪಕ್ಕದಲ್ಲಿಟ್ಟುಕೊಂಡು ಅಳೆದರೆ ನಿಮ್ಮ 3ನೇ ಹಂತದ ಮಂತ್ರ ಸದಾ ಬಡಕಲಾಗಿ ಕಾಣುತ್ತದೆ, ನೀವು ದಾಳ ಸೇರಿಸುತ್ತಾ ಹೋಗುತ್ತೀರಿ. ಹಲವರಿಗೆ ಬೀಳುವ ಪೆಟ್ಟನ್ನು ಅಳೆಯಲು ಶ್ಯಾಟರ್ ಒಳ್ಳೆಯ ನೆರೆಮನೆ, ಅದರ 13.5 ಪಟ್ಟಿಯ 14ಕ್ಕೆ ಹತ್ತಿರ.

ಎಷ್ಟು ಜನ ಸಿಕ್ಕಿಬೀಳುತ್ತಾರೆ ಎಂಬುದಕ್ಕೂ ಅದೇ ಪುಸ್ತಕದಲ್ಲಿ ಸೂತ್ರವಿದೆ. ಗೋಳಕ್ಕೆ ತ್ರಿಜ್ಯವನ್ನು 5ರಿಂದ, ಘನಕ್ಕೆ ಬದಿಯನ್ನು 5ರಿಂದ, ಕೋನ್‌ಗೆ ಉದ್ದವನ್ನು 10ರಿಂದ, ಗೆರೆಗೆ ಉದ್ದವನ್ನು 30ರಿಂದ ಭಾಗಿಸಿ, ಬಂದದ್ದನ್ನು ಮೇಲಕ್ಕೆ ಪೂರ್ಣ ಮಾಡಿ. 10 ಅಡಿಯ ಗೋಳಕ್ಕೆ ಇಬ್ಬರು, 20 ಅಡಿಯದಕ್ಕೆ ನಾಲ್ವರು.

ಒಂದೇ ಚೆಂಡೆ, ಮೂರು ಚೌಕಟ್ಟು

ಮಂತ್ರವಾದಿ 3ನೇ ಲೆವೆಲ್‌ನವನು ಎನ್ನಿ. ಪ್ರೊಫಿಶಿಯನ್ಸಿ (ಪಳಗಿದ ಕೈಗೆ ಸಿಗುವ ಅಂಕ) +2, ಬುದ್ಧಿ +3. ಹೊಡೆಯಲು ಡಿ20 ದಾಳಕ್ಕೆ +5, ಸೇವ್ ಡಿಸಿ (ಸೇವ್ ಗೆಲ್ಲಲು ಮುಟ್ಟಬೇಕಾದ ಅಂಕಿ) 13. ಎದುರಾಳಿ ಸಾಮಾನ್ಯದವನು: ಎಸಿ (ಹೊಡೆತ ತಗಲಲು ಮುಟ್ಟಬೇಕಾದ ಅಂಕಿ) 13, ಸೇವ್ +1. ಮಂತ್ರ 2ನೇ ಹಂತದ್ದು.

ಮೊದಲ ಚೌಕಟ್ಟು, ಗುರಿಯಿಟ್ಟ ಪೆಟ್ಟು. ಒಬ್ಬನಿಗೆ 3ಡಿ10, ಅಂದರೆ 16.5. ತಪ್ಪಿದರೆ ಏನೂ ಇಲ್ಲದ್ದರಿಂದ 25% ಏರಿಸಿ, 20.6. ದಾಳದಲ್ಲಿ ಹತ್ತಿರದ್ದು 6ಡಿ6, ಸರಾಸರಿ 21. ಪುಸ್ತಕದ ಸ್ಕಾರ್ಚಿಂಗ್ ರೇ ನೋಡಿ: ಮೂರು ಕಿರಣ, ಒಂದೊಂದಕ್ಕೆ 2ಡಿ6, ಒಟ್ಟು 6ಡಿ6. ಲೆಕ್ಕ ಸರಿಯಾಗಿ ಕೂತಿತು. ಎಸಿ 13ಕ್ಕೆ +5ರಿಂದ ಹೊಡೆದರೆ 65% ತಗಲುತ್ತದೆ. 20 ಬಿದ್ದಾಗ ದಾಳ ಇಮ್ಮಡಿಯಾಗುವುದರಿಂದ ಇನ್ನೊಂದು 5% ಸೇರಿಸಿ. 21ರ 70% ಎಂದರೆ 14.7. ಒಂದು ಸ್ಲಾಟ್‌ಗೆ ನಿಜವಾಗಿ ಕೈಗೆ ಬರುವುದು ಇಷ್ಟು (ಸ್ಲಾಟ್ ಎಂದರೆ ಮಂತ್ರ ಹಾಕಲು ದಿನಕ್ಕಿಷ್ಟು ಎಂದು ಸಿಗುವ ಪಾಲು).

ಎರಡನೆಯದು, ಜಾಗದ ಪೆಟ್ಟು. 3ಡಿ8, 10 ಅಡಿ ತ್ರಿಜ್ಯ. ಡಿಸಿ 13ಕ್ಕೆ +1 ಇರುವವನು 55% ಸೋಲುತ್ತಾನೆ, 45% ಗೆದ್ದು ಅರ್ಧ ತಿನ್ನುತ್ತಾನೆ. 13.5ರ 77.5%, ತಲಾ 10.5. ಇಬ್ಬರಿಗೆ 21. ಇಲ್ಲಿ ಕೈ ಜಾರುವುದು ದಾಳದಲ್ಲಲ್ಲ, ತ್ರಿಜ್ಯದಲ್ಲಿ. "ಚೆಂಡೆಯ ಸದ್ದಲ್ಲವೇ, ದೂರ ಕೇಳುತ್ತದೆ" ಎಂದು 10 ಅಡಿಯನ್ನು 20 ಮಾಡಿದರೆ ಸಿಕ್ಕಿಬೀಳುವವರು ನಾಲ್ವರು, ಒಟ್ಟು 42. ಒಂದೂ ದಾಳ ಸೇರಿಸದೆ ಮಂತ್ರ ಇಮ್ಮಡಿಯಾಯಿತು. ಸದ್ದು ಕೇಳುವ ದೂರ ಬೇರೆ, ಪೆಟ್ಟು ಬೀಳುವ ದೂರ ಬೇರೆ ಎಂದು ಎರಡನ್ನೂ ಬರೆದಿಡಿ. ಸದ್ದು 300 ಅಡಿಗೆ ಕೇಳಲಿ, ಪಕ್ಕದ ಕೋಣೆಯ ಕಾವಲುಗಾರ ಎಚ್ಚರವಾಗಲಿ. ಅದು ಮಂತ್ರಕ್ಕೆ ನ್ಯಾಯವಾದ ಬೆಲೆ.

ಮೂರನೆಯದು, ಸರದಿ ಕೆಡಿಸುವುದು. ತೂಕ ತಪ್ಪಿದ ಮಂತ್ರಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿ. ಪೆಟ್ಟು ಸೊನ್ನೆ ಎಂದು ಕಾಣುವುದರಿಂದ ಕೈ ಉದಾರವಾಗುತ್ತದೆ. ಇಲ್ಲಿ ಎಣಿಸಬೇಕಾದದ್ದು ಎದುರಾಳಿ ಕಳೆದುಕೊಂಡ ಸರದಿಗಳನ್ನು.

ಅಳತೆಗೆ ಎದುರಾಳಿಯನ್ನು ಅಲುಗಾಡದಂತೆ ಬಿಗಿಯುವ ಹೋಲ್ಡ್ ಪರ್ಸನ್ ಇಟ್ಟುಕೊಳ್ಳಿ. 2ನೇ ಹಂತ, ಒಬ್ಬ ಮನುಷ್ಯಾಕಾರದವನಿಗೆ ಮಾತ್ರ, ವಿಸ್‌ಡಮ್ ಸೇವ್, ಕಾನ್ಸಂಟ್ರೇಶನ್ ಬೇಕು (ಮಂತ್ರವಾದಿ ಗಮನ ಹಿಡಿದಿಟ್ಟಷ್ಟು ಹೊತ್ತು ಮಾತ್ರ ಮಂತ್ರ ನಿಲ್ಲುತ್ತದೆ), ಸಿಕ್ಕಿಬಿದ್ದವನು ತನ್ನ ಪ್ರತಿ ಸರದಿಯ ಕೊನೆಗೆ ಮತ್ತೆ ಸೇವ್ ಮಾಡಬಹುದು. ಕಾಳಗ ನಾಲ್ಕು ಸುತ್ತು ನಡೆದರೆ ಅವನು ಕಳೆದುಕೊಳ್ಳುವ ಸರದಿ 0.55 + 0.30 + 0.17 + 0.09, ಒಟ್ಟು 1.1. ಈಗ "ಸರದಿಯ ಕೊನೆಗೆ ಮತ್ತೆ ಸೇವ್" ಎಂಬ ಒಂದು ಸಾಲು ಅಳಿಸಿ ನೋಡಿ. 0.55 ನಾಲ್ಕು ಸಲ, 2.2 ಸರದಿ. ಸರಿಯಾಗಿ ಇಮ್ಮಡಿ. ಚೆಂಡೆಯ ಸದ್ದಿಗೆ ಮೂವರು ಒಟ್ಟಿಗೆ ಸ್ತಬ್ಧರಾಗುತ್ತಾರೆ, ಮತ್ತೆ ಸೇವ್ ಇಲ್ಲ ಎಂದು ಬರೆದರೆ 6.6 ಸರದಿ. 2ನೇ ಹಂತದ ಸ್ಲಾಟ್‌ಗೆ ಆರು ಪಾಲು ಸರಕು ಕೊಟ್ಟಂತಾಯಿತು.

ಹಾಗಾದರೆ ಮೂವರನ್ನು ಹಿಡಿಯುವ ಚೆಂಡೆ ಸಾಧ್ಯವಿಲ್ಲವೇ? ಸಾಧ್ಯ. ಹಿಡಿತ ಸಡಿಲ ಮಾಡಬೇಕು. ಸರದಿ ಪೂರ್ತಿ ಕಸಿಯುವ ಬದಲು ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್ ಕೊಡಿ. ಎರಡು ದಾಳ ಹಾಕಿ ಕಡಿಮೆಯದ್ದನ್ನು ಹಿಡಿಯಬೇಕಾದ್ದರಿಂದ 60% ತಗಲುತ್ತಿದ್ದವನು 36%ಕ್ಕೆ ಇಳಿಯುತ್ತಾನೆ, ಅಂದರೆ ಅವನ ಸರದಿಯ ಐದರಲ್ಲಿ ಎರಡು ಪಾಲು ಹೋಯಿತು. 1.1 × 0.4 × 3, ಸುಮಾರು 1.3 ಸರದಿ. ಹೋಲ್ಡ್ ಪರ್ಸನ್‌ನ 1.1ರ ಪಕ್ಕದಲ್ಲಿ ನಿಲ್ಲುತ್ತದೆ. ಹೋಲ್ಡ್ ಪರ್ಸನ್ ಬಿಗಿದವನ ಮೇಲೆ 5 ಅಡಿಯೊಳಗಿಂದ ತಗಲಿದ ಹೊಡೆತ ತಾನಾಗಿ ಕ್ರಿಟಿಕಲ್ (ದಾಳ ಇಮ್ಮಡಿ) ಆಗುವುದರಿಂದ ಅದರ ನಿಜವಾದ ತೂಕ 1.1ಕ್ಕಿಂತ ಹೆಚ್ಚು. ಹಾಗಾಗಿ ನಮ್ಮ 1.3 ಹೆಚ್ಚಾಯಿತೆಂದು ಹೆದರಬೇಕಿಲ್ಲ.

ಎದುರಾಳಿ ಗಟ್ಟಿಯಾದರೆ ಯಾವುದು ನಿಲ್ಲುತ್ತದೆ?

ಮೇಲಿನ ಲೆಕ್ಕ ಸಾಮಾನ್ಯ ಎದುರಾಳಿಯದ್ದು. ಅದೇ ಮಂತ್ರಗಳನ್ನು ಎಸಿ 18, ಸೇವ್ +6 ಇರುವ ನಾಯಕನ ಮೇಲೆ ಹಾಕಿ ನೋಡಿ. ಗುರಿಯಿಟ್ಟ ಪೆಟ್ಟು 14.7ರಿಂದ 9.5ಕ್ಕೆ ಬೀಳುತ್ತದೆ. ಜಾಗದ ಪೆಟ್ಟು ತಲಾ 10.5ರಿಂದ 8.8ಕ್ಕೆ, ಅಷ್ಟೇ. ಸೇವ್ ಗೆದ್ದರೂ ಅರ್ಧ ಬೀಳುತ್ತದಲ್ಲ, ಅದೇ ಕಾರಣ. ಸರದಿ ಕೆಡಿಸುವ ಮಂತ್ರ 1.1ರಿಂದ 0.4ಕ್ಕೆ ಕುಸಿಯುತ್ತದೆ. ಲೆಜೆಂಡರಿ ರೆಸಿಸ್ಟೆನ್ಸ್ ಇರುವ ರಾಕ್ಷಸನಾದರೆ ಸೋತ ಸೇವನ್ನೂ ಗೆದ್ದೆ ಎಂದು ತಿರುಗಿಸಿಕೊಳ್ಳುತ್ತಾನೆ, ಸ್ಲಾಟ್ ಪೂರ್ತಿ ನಷ್ಟ.

ಇದರಿಂದ ಆಯ್ಕೆ ಸ್ಪಷ್ಟವಾಗುತ್ತದೆ. ನಿಮ್ಮ ಕಥೆಯಲ್ಲಿ ಕಾಳಗ ಎಂದರೆ ಒಬ್ಬ ದೊಡ್ಡ ಎದುರಾಳಿ ಎಂದಿದ್ದರೆ ಮೂರನೆಯ ಚೌಕಟ್ಟು ಕೊಟ್ಟ ಆಟಗಾರ ವಾರಗಟ್ಟಲೆ ಬೇಸರಪಡುತ್ತಾನೆ. ಅವನಿಗೆ ಮೊದಲನೆಯದು ಕೊಡಿ. ಆರೆಂಟು ಪುಂಡರು ಒಟ್ಟಿಗೆ ನುಗ್ಗುವ ಕಾಳಗಗಳಾದರೆ ಎರಡನೆಯದೋ ಮೂರನೆಯದೋ. ಇವೆರಡರ ನಡುವೆ ಚೆಂಡೆಗೆ ನಮ್ಮ ಒಲವು ಮೂರನೆಯದಕ್ಕೆ. ಎರಡನೆಯದು ಕೊನೆಗೆ ಶ್ಯಾಟರೇ ಆಗಿಬಿಡುತ್ತದೆ, ಅದಕ್ಕೆ ಹೆಸರು ಬದಲಿಸಿದರೆ ಸಾಕಿತ್ತು. ತೆಂಕುತಿಟ್ಟಿನ ಯಕ್ಷಗಾನ ಆಟ ನೋಡಿದವರಿಗೆ ಗೊತ್ತು, ಯುದ್ಧದ ಪದ್ಯದಲ್ಲಿ ಚೆಂಡೆ ಕುಣಿತವನ್ನು ಹಿಡಿದೆತ್ತುತ್ತದೆ. ಹೆಜ್ಜೆ ತಾಳಕ್ಕೆ ಸಿಗದವನು ತಡವರಿಸುತ್ತಾನೆ. ಎದುರಾಳಿಯ ಕೈ ತಾಳ ತಪ್ಪುವ ಮಂತ್ರ ಎಂದರೆ ಚೆಂಡೆಗೆ ಅದು ಸಹಜವಾಗಿ ಹೊಂದುತ್ತದೆ.

ಕಾನ್ಸಂಟ್ರೇಶನ್ ಬೇಕೇ, ಬೇಡವೇ?

ಒಂದು ಸುತ್ತಿಗಿಂತ ಹೆಚ್ಚು ಹೊತ್ತು ಎದುರಾಳಿಯನ್ನು ಕಾಡುವ ಅಥವಾ ಗೆಳೆಯರನ್ನು ಬಲಪಡಿಸುವ ಮಂತ್ರಕ್ಕೆ ಕಾನ್ಸಂಟ್ರೇಶನ್ ಹಾಕಿ. ಅನುಮಾನವಿದ್ದರೆ ಹಾಕಿ, ಆಮೇಲೆ ತೆಗೆಯಬಹುದು. ಕಾನ್ಸಂಟ್ರೇಶನ್ ಎರಡು ಕೆಲಸ ಮಾಡುತ್ತದೆ. ಮಂತ್ರವಾದಿ ಇಂಥ ಎರಡನ್ನು ಒಟ್ಟಿಗೆ ನಡೆಸದಂತೆ ತಡೆಯುತ್ತದೆ. ಅವನಿಗೆ ಪೆಟ್ಟು ಬಿದ್ದಾಗಲೆಲ್ಲ ಡಿಸಿ 10ಕ್ಕೋ ಬಿದ್ದ ಪೆಟ್ಟಿನ ಅರ್ಧಕ್ಕೋ, ಯಾವುದು ಹೆಚ್ಚೋ ಅದಕ್ಕೆ, ಕಾನ್‌ಸ್ಟಿಟ್ಯೂಶನ್ ಸೇವ್ ಮಾಡಿಸುತ್ತದೆ. ಎದುರಾಳಿಗೆ ಮಂತ್ರ ಮುರಿಯುವ ದಾರಿಯೊಂದು ಸಿಗುತ್ತದೆ, ಕಾಳಗಕ್ಕೆ ಕಳೆ ಬರುತ್ತದೆ. ಕಾನ್ಸಂಟ್ರೇಶನ್ ತೆಗೆಯಲೇಬೇಕೆಂದರೆ ಪರಿಣಾಮ ಎದುರಾಳಿಯ ಮುಂದಿನ ಸರದಿಯ ಕೊನೆಗೆ ಮುಗಿಯಲಿ.

ಬೋನಸ್ ಆ್ಯಕ್ಷನ್‌ನಲ್ಲಿ (ಸರದಿಯ ಮುಖ್ಯ ಕೆಲಸವಾದ ಆ್ಯಕ್ಷನ್ ಜೊತೆಗೆ ಸಿಗುವ ಚಿಕ್ಕ ಅವಕಾಶದಲ್ಲಿ) ಹಾಕುವ ಮಂತ್ರ ಬೇಕು ಎಂಬ ಬೇಡಿಕೆಯೂ ಬರುತ್ತದೆ. 2014ರ ನಿಯಮದಲ್ಲಿ ಅಂಥ ಮಂತ್ರ ಹಾಕಿದ ಸರದಿಯಲ್ಲಿ ಜೊತೆಗೆ ಒಂದು ಆ್ಯಕ್ಷನ್‌ನ ಕ್ಯಾಂಟ್ರಿಪ್ ಮಾತ್ರ ಹಾಕಬಹುದು. 2024ರಲ್ಲಿ ಒಂದು ಸರದಿಗೆ ಒಂದೇ ಸ್ಲಾಟ್ ಖರ್ಚು. ಎರಡರಲ್ಲೂ ಕತ್ತಿ ಬೀಸುವ ಆ್ಯಕ್ಷನ್ ಉಳಿಯುತ್ತದೆ, ಹಾಗಾಗಿ ಬೋನಸ್ ಆ್ಯಕ್ಷನ್‌ಗೆ ಇಳಿಸಿದರೆ ಬಲವನ್ನು ಒಂದು ಹಂತ ಇಳಿಸಿ.

ಗುಣಪಡಿಸುವ ಮಂತ್ರಕ್ಕೂ ಮೇಲಿನ ಪಟ್ಟಿಯನ್ನೇ ಬಳಸಬಹುದು, ಕ್ಯಾಂಟ್ರಿಪ್ ಒಂದನ್ನು ಬಿಟ್ಟು. ದಿನವಿಡೀ ಪುಕ್ಕಟೆ ಗುಣವಾಗುವಂತಿದ್ದರೆ ಜೀವದ ಅಂಕವಾದ ಎಚ್‌ಪಿಗೆ ಅರ್ಥವೇ ಉಳಿಯುವುದಿಲ್ಲ. ಹೋಲಿಸುವಾಗ ಆವೃತ್ತಿ ನೋಡಿಕೊಳ್ಳಿ: 1ನೇ ಹಂತದ ಕ್ಯೂರ್ ವೂಂಡ್ಸ್ 2014ರಲ್ಲಿ 1ಡಿ8, 2024ರಲ್ಲಿ 2ಡಿ8.

ಸುರಂಗ: ಪೆಟ್ಟಿಲ್ಲದ ಮಂತ್ರದ ತೂಕ

ಬಾಯಾರು, ಪಡ್ರೆ, ಎಣ್ಮಕಜೆ ಕಡೆಯ ಸುರಂಗ ನೋಡಿದವರಿಗೆ ಅದರ ಅಳತೆ ಕಣ್ಣಲ್ಲೇ ಇರುತ್ತದೆ. ನೀರಿಗಾಗಿ ಗುಡ್ಡದ ಬದಿಗೆ ಅಡ್ಡಲಾಗಿ ಕೊರೆದ ದಾರಿ, ಒಬ್ಬ ಆಳು ಒಳಹೋಗುವಷ್ಟು ಎತ್ತರ, ಭುಜ ತಾಗುವಷ್ಟು ಅಗಲ. ನೀರು ತಾನಾಗಿ ಹರಿದು ಬರಲೆಂದು ಬಾಯಿಯ ಕಡೆಗೆ ತುಸು ಇಳಿಜಾರು, ಬಾಯಿಯಲ್ಲಿ ನೀರು ನಿಲ್ಲಲು ಮದಕ. ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ತಿಳಿಯಲು ಉರಿಯುವ ಮೊಂಬತ್ತಿ. ಸುಮಾರು ಎರಡೂವರೆ ಅಡಿಯ ಕೋಲಿನ ಲೆಕ್ಕದಲ್ಲಿ ಉದ್ದ ಅಳೆಯುತ್ತಾರೆ. ಎರಡು ಕೋಲು ಎಂದರೆ ಆಟದ ಹಲಗೆಯ ಒಂದು ಚೌಕ, ಈ ಹೊಂದಿಕೆ ತುಂಬ ಉಪಕಾರಿ.

ಪುಸ್ತಕದಲ್ಲಿರುವ ನೆರೆಮನೆ 5ನೇ ಹಂತದ ಪಾಸ್‌ವಾಲ್. ಮರ, ಗಾರೆ, ಕಲ್ಲಿನ ಗೋಡೆಯಲ್ಲಿ 5 ಅಡಿ ಅಗಲ, 8 ಅಡಿ ಎತ್ತರ, 20 ಅಡಿ ಆಳದ ದಾರಿ. ಒಂದು ಆ್ಯಕ್ಷನ್‌ನಲ್ಲಿ ಆಗುತ್ತದೆ, ಒಂದು ಗಂಟೆ ಇರುತ್ತದೆ, ಕಾನ್ಸಂಟ್ರೇಶನ್ ಬೇಡ. ಸುರಂಗವನ್ನು 3ನೇ ಹಂತಕ್ಕೆ ಇಳಿಸಬೇಕೆಂದರೆ ಇದರಲ್ಲಿ ಯಾವುದನ್ನು ಕತ್ತರಿಸುವುದು?

ಸಮಯ ಕತ್ತರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಒಂದು ಆ್ಯಕ್ಷನ್ ಬದಲು 10 ನಿಮಿಷ ಮಾಡಿದರೆ ಮಂತ್ರ ಕಾಳಗದಿಂದ ಹೊರಗೆ ಬೀಳುತ್ತದೆ. ಓಡಿಹೋಗಲು, ಎದುರಾಳಿಯ ಕಾಲಡಿಯ ನೆಲ ಕೊರೆಯಲು ಬರುವುದಿಲ್ಲ. ಗೋಡೆ ದಾಟುವ ಉಪಾಯವಾಗಿ ಮಾತ್ರ ಉಳಿಯುತ್ತದೆ. ಆಳು ಗುದ್ದಲಿ ಹಿಡಿದು ವಾರಗಟ್ಟಲೆ ಕೊರೆಯುವ ಕೆಲಸಕ್ಕೆ 10 ನಿಮಿಷ ಹೆಚ್ಚೇನಲ್ಲ. ಆದರೆ ರಿಚುವಲ್ ಎಂಬ ಗುರುತು ಹಾಕಬೇಡಿ. ರಿಚುವಲ್ ಆದರೆ ಸ್ಲಾಟ್ ಬೇಡ. 10 ನಿಮಿಷ ಹೆಚ್ಚು ಕಾದರೆ ಸಾಕು, ದಿನವಿಡೀ ಒಂದರ ಹಿಂದೆ ಒಂದು ಸುರಂಗ. ನೀವು ಮೂರು ರಾತ್ರಿ ಕೂತು ಬಿಡಿಸಿದ ನಕ್ಷೆಯ ಬಾಗಿಲುಗಳಿಗೆಲ್ಲ ಅರ್ಥವಿಲ್ಲದಂತಾಗುತ್ತದೆ.

ವಸ್ತು ಕತ್ತರಿಸುವುದು ಎರಡನೆಯ ದಾರಿ, ಅಲ್ಲೊಂದು ಗುಂಡಿ ಇದೆ. "ಮಣ್ಣು ಮತ್ತು ಮುರಕಲ್ಲಿನಲ್ಲಿ ಮಾತ್ರ" ಎಂದು ಬರೆದರೆ ಬಿಗಿಯಾಯಿತು ಎನಿಸುತ್ತದೆ. ಬೇಕಲ ಕೋಟೆಯ ಗೋಡೆ ಯಾವ ಕಲ್ಲಿನದ್ದು? ಮುರಕಲ್ಲಿನದ್ದೇ. ನಮ್ಮ ಕಡೆ ಮನೆ, ಬಾವಿಕಟ್ಟೆ, ಕೋಟೆ ಎಲ್ಲ ಅದರಲ್ಲೇ ಕಟ್ಟಿದ್ದು. ನಿಮ್ಮ ಕಥೆಯ ಕೋಟೆಯೂ ಹಾಗೆಯೇ ಇದ್ದರೆ ನೀವು ತಡೆಯಲು ಹೊರಟದ್ದೇ ಬಾಗಿಲು ತೆರೆದುಕೊಂಡಿತು. "ಅಗೆಯದ, ಕಡಿಯದ, ಕಟ್ಟದ ನೆಲದಲ್ಲಿ ಮಾತ್ರ" ಎಂದು ಬರೆಯಿರಿ.

ಅಗಲ ಕತ್ತರಿಸುವುದು ಮೂರನೆಯದು. ಒಂದು ಕೋಲು ಅಗಲ ಎಂದರೆ ಎರಡೂವರೆ ಅಡಿ. ಆಟದ ನಿಯಮದಲ್ಲಿ ತನಗಿಂತ ಒಂದು ಗಾತ್ರ ಚಿಕ್ಕವನಿಗೆ ಸಾಕಾಗುವ ಜಾಗದಲ್ಲಿ ನುಸುಳಬಹುದು. ಆದರೆ ಮೀಡಿಯಂ ಗಾತ್ರಕ್ಕೂ ಸ್ಮಾಲ್ ಗಾತ್ರಕ್ಕೂ ಒಂದೇ 5 ಅಡಿಯ ಚೌಕ, ಎರಡೂವರೆ ಅಡಿ ಟೈನಿಯದ್ದು. ಪುಸ್ತಕವನ್ನು ಅಕ್ಷರಶಃ ಓದಿದರೆ ಮನುಷ್ಯನೊಬ್ಬ ಸುರಂಗದೊಳಗೆ ಹೋಗುವಂತೆಯೇ ಇಲ್ಲ. ಆದ್ದರಿಂದ ಮಂತ್ರದಲ್ಲೇ ಹೇಳಿಬಿಡಿ: ಮೀಡಿಯಂ ಮತ್ತು ಅದಕ್ಕಿಂತ ಚಿಕ್ಕವರು ಒಬ್ಬರ ಹಿಂದೊಬ್ಬರಾಗಿ ಹೋಗಬಹುದು, ಒಳಗಿರುವಷ್ಟು ಹೊತ್ತು ನುಸುಳುವ ನಿಯಮ ಅನ್ವಯ. ಆಗ ಪ್ರತಿ ಅಡಿಗೆ ಒಂದು ಅಡಿ ಹೆಚ್ಚು ಖರ್ಚು, ಹೊಡೆತಕ್ಕೂ ಡೆಕ್ಸ್‌ಟೆರಿಟಿ ಸೇವ್‌ಗೂ ಡಿಸ್‌ಅಡ್ವಾಂಟೇಜ್. ದಪ್ಪ ಕವಚ ತೊಟ್ಟ ವೀರ ಕತ್ತಲಲ್ಲಿ ಅಡ್ಡಡ್ಡವಾಗಿ ಸರಿಯುತ್ತಾ ಹೋಗುವ ದೃಶ್ಯ ತಾನಾಗಿ ಮೂಡುತ್ತದೆ. ಇಷ್ಟು ಕತ್ತರಿಸಿದ ಮೇಲೆ ಉದ್ದವನ್ನು 12 ಕೋಲು, ಅಂದರೆ 30 ಅಡಿ ಮಾಡಿದರೂ 3ನೇ ಹಂತಕ್ಕೆ ಹೆಚ್ಚಾಗುವುದಿಲ್ಲ.

ಸಮಯ ಮುಗಿದಾಗ ಒಳಗಿದ್ದವರ ಗತಿ? ಸುರಂಗ ಕುಸಿದು ಹೂತುಹೋಗುತ್ತಾರೆ ಎಂದು ಬರೆಯಲು ಕೈ ತವಕಿಸುತ್ತದೆ. ಬೇಡ. ಹಾಗೆ ಬರೆದ ವಾರದಲ್ಲೇ ಯಾರಾದರೊಬ್ಬರು ಶತ್ರುಗಳನ್ನು ಒಳಗೆ ಬರಿಸಿ ಮಂತ್ರ ನಿಲ್ಲಿಸುತ್ತಾರೆ, ಸೇವ್ ಕೂಡ ಇಲ್ಲದ ಸಾಮೂಹಿಕ ಸಾವು. ಪಾಸ್‌ವಾಲ್ ಒಳಗಿದ್ದವರನ್ನು ಮಂತ್ರ ಹಾಕಿದ ಬದಿಯ ಹತ್ತಿರದ ಖಾಲಿ ಜಾಗಕ್ಕೆ ಸುರಕ್ಷಿತವಾಗಿ ತಳ್ಳುತ್ತದೆ, ಅದನ್ನೇ ಇಟ್ಟುಕೊಳ್ಳಿ. ಕುಸಿತ ಬೇಕೇ ಬೇಕು ಎಂದರೆ ಪಟ್ಟಿಯ 6ಡಿ6, ಸೇವ್ ಗೆದ್ದರೆ ಅರ್ಧ. ಅದಕ್ಕಿಂತ ಒಂದು ದಾಳವೂ ಹೆಚ್ಚು ಬೇಡ.

ಸುರಂಗದಿಂದ ನೀರು ಬರುವುದಾದರೆ ಕಥೆಯ ಬಗೆ ನೋಡಿ. 1ನೇ ಹಂತದ ಕ್ರಿಯೇಟ್ ಆರ್ ಡಿಸ್ಟ್ರಾಯ್ ವಾಟರ್ 10 ಗ್ಯಾಲನ್ ಕೊಡುತ್ತದೆ. ಬರಗಾಲವೇ ಕಥೆಯ ಜೀವಾಳವಾಗಿದ್ದರೆ ನೀರು ಹುಟ್ಟಿಸುವ ಮಂತ್ರ ಕಥೆಯನ್ನೇ ಮುಗಿಸುತ್ತದೆ. ನೀರು ಎಲ್ಲಿದೆ ಎಂದು ತೋರಿಸುವ ಮಂತ್ರ ಮಾಡಿ, ಅಗೆಯುವ ಕೆಲಸ ಆಟಗಾರರದ್ದಾಗಲಿ.

ಸಾಮಗ್ರಿ

ಅಡಿಕೆ ಹಾಳೆ, ಚೆಂಡೆಯ ಕೋಲು, ಒಂದು ಹಿಡಿ ಕೆಂಪು ಮಣ್ಣು ಚೆಂದಕ್ಕೆ ಮಾತ್ರ. ಬೆಲೆ ಬರೆಯದ ಸಾಮಗ್ರಿಗೆ ಮಂತ್ರವಾದಿಯ ಸಾಮಗ್ರಿ ಚೀಲವೋ ಫೋಕಸ್ ಎಂಬ ಉಪಕರಣವೋ ಸಾಕಾಗುವುದರಿಂದ ಅದು ಮಂತ್ರಕ್ಕೆ ತಡೆಯಲ್ಲ. ಸತ್ತವರನ್ನು ಎಬ್ಬಿಸುವ ರಿವಿವಿಫೈಗೆ 300 ಚಿನ್ನದ ನಾಣ್ಯದ ವಜ್ರ ಬೇಕು, ಬಳಸಿದ ಮೇಲೆ ಅದು ಇಲ್ಲವಾಗುತ್ತದೆ. ತಡೆ ಎಂದರೆ ಅದು. ಆದರೂ ಗುಂಪು ಸಿರಿವಂತವಾದ ಮೇಲೆ ಚಿನ್ನ ಯಾರನ್ನೂ ತಡೆಯುವುದಿಲ್ಲ. ಬಲ ಹೆಚ್ಚಾದ ಮಂತ್ರವನ್ನು ದುಬಾರಿ ಸಾಮಗ್ರಿಯಿಂದ ಸರಿಪಡಿಸಲು ಹೋಗಬೇಡಿ.

ಕನ್ನಡದಲ್ಲಿ ಬರೆಯುವಾಗ

ಎಸ್‌ಆರ್‌ಡಿ 5.1 ಎಂಬ ನಿಯಮಸಂಗ್ರಹ 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಮೂಲವನ್ನು ಹೆಸರಿಸಿದರೆ ಅದನ್ನು ಕನ್ನಡಕ್ಕೆ ತಂದು ಹಂಚಲು ಅಡ್ಡಿಯಿಲ್ಲ. ಆದರೆ ಮಂತ್ರದ ಕನ್ನಡ ಕಾನೂನಿನ ಕನ್ನಡದಷ್ಟು ಬಿಗಿಯಾಗಿರಬೇಕು. ಜಗಳ ಹುಟ್ಟುವುದು ಮೂರು ಕಡೆ.

"ಶತ್ರುಗಳಿಗೆ 3ಡಿ8 ಪೆಟ್ಟು" ಎಂದರೆ ಹಂಚಿಕೊಳ್ಳುವುದೋ, ಒಬ್ಬೊಬ್ಬರಿಗೂ ಅಷ್ಟೋ? "ಒಳಗಿರುವ ಪ್ರತಿಯೊಬ್ಬರೂ" ಎಂದು ಬರೆಯಿರಿ. "ಶತ್ರು" ಎಂದರೆ ಗೆಳೆಯರಿಗೆ ತಗಲುವುದಿಲ್ಲ, "ಪ್ರತಿಯೊಬ್ಬರೂ" ಎಂದರೆ ತಗಲುತ್ತದೆ. ಇವೆರಡರ ತೂಕ ಒಂದೇ ಅಲ್ಲ.

"ತನ್ನ ಸರದಿಯವರೆಗೆ" ಎಂಬಲ್ಲಿ "ತನ್ನ" ಯಾರದ್ದು? ಮಂತ್ರ ಹಾಕಿದವನದ್ದೋ, ಸಿಕ್ಕಿಬಿದ್ದವನದ್ದೋ? ಸರದಿಯ ಆರಂಭವೋ ಕೊನೆಯೋ? ಇದರಿಂದ ಪೂರ್ತಿ ಒಂದು ಸರದಿಯ ವ್ಯತ್ಯಾಸ ಬರಬಹುದು. "ತನ್ನ" ಬಿಟ್ಟು ಕರ್ತೃವಿನ ಹೆಸರನ್ನೇ ಬರೆಯಿರಿ.

ಮೂರನೆಯದು ಸಿಡಿಲು. ನಮ್ಮ ಮಾತಿನಲ್ಲಿ ಸಿಡಿಲು ಎಂದರೆ ಸದ್ದೂ ಹೌದು, ಸುಡುವ ಮಿಂಚೂ ಹೌದು. ಆಟದಲ್ಲಿ ಎರಡೂ ಬೇರೆ ಪೆಟ್ಟು, ಬೇರೆ ತಡೆ. ಗುಡುಗು, ಮಿಂಚು ಎಂದೇ ಬರೆಯಿರಿ, ಸಿಡಿಲು ವರ್ಣನೆಗಿರಲಿ.

ಇಷ್ಟು ನೋಡಿಕೊಂಡು ಬರೆದ ಚೆಂಡೆಯ ಮಂತ್ರ ಹೀಗೆ ನಿಲ್ಲುತ್ತದೆ:

ತಾಳತಪ್ಪು. 2ನೇ ಹಂತ. ಹಾಕುವ ಸಮಯ 1 ಆ್ಯಕ್ಷನ್. ದೂರ 60 ಅಡಿ. ಬಾಯಿಮಾತು, ಕೈಸನ್ನೆ, ಚೆಂಡೆಯ ಕೋಲಿನ ಒಂದು ತುಂಡು. ಕಾನ್ಸಂಟ್ರೇಶನ್, 1 ನಿಮಿಷದವರೆಗೆ. ಮಂತ್ರ ಹಾಕುವವರು ಆರಿಸಿದ ಜಾಗದಲ್ಲಿ ಕಾಣದ ಚೆಂಡೆಯೊಂದು ಮೊಳಗುತ್ತದೆ, ಸದ್ದು 300 ಅಡಿಯವರೆಗೆ ಕೇಳುತ್ತದೆ. ಮಂತ್ರ ಹಾಕಿದ ಗಳಿಗೆಯಲ್ಲಿ ಆ ಜಾಗದ ಸುತ್ತ 15 ಅಡಿ ತ್ರಿಜ್ಯದ ಗೋಳದೊಳಗೆ ಇರುವ, ಸದ್ದು ಕೇಳಬಲ್ಲ ಪ್ರತಿಯೊಬ್ಬರೂ ವಿಸ್‌ಡಮ್ ಸೇವ್ ಮಾಡಬೇಕು. ಸೋತವರ ಹೊಡೆತಕ್ಕೆ ಡಿಸ್‌ಅಡ್ವಾಂಟೇಜ್, ಮತ್ತು ಸೋತವರು ರಿಯಾಕ್ಷನ್ (ತಟ್ಟನೆ ಮಾಡುವ ಮರುಕ್ರಿಯೆ) ಬಳಸುವಂತಿಲ್ಲ. ಸೋತವರು ಸೋತವರ ಪ್ರತಿ ಸರದಿಯ ಕೊನೆಗೆ ಮತ್ತೆ ಸೇವ್ ಮಾಡುತ್ತಾರೆ, ಗೆದ್ದರೆ ಅವರ ಪಾಲಿಗೆ ಮಂತ್ರ ಮುಗಿಯುತ್ತದೆ. ಮೇಲಿನ ಹಂತದ ಸ್ಲಾಟ್ ಬಳಸಿದರೆ 2ರ ಮೇಲಿನ ಪ್ರತಿ ಹಂತಕ್ಕೆ ತ್ರಿಜ್ಯ 5 ಅಡಿ ಹೆಚ್ಚು.

"ಸದ್ದು ಕೇಳಬಲ್ಲ" ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಸೈಲೆನ್ಸ್ ಮಂತ್ರದೊಳಗೆ ನಿಂತವನು, ಕಿವಿಗೆ ಮೇಣ ತುಂಬಿಕೊಂಡು ಬಂದ ಜಾಣ ಎದುರಾಳಿ, ಇಬ್ಬರಿಗೂ ತಪ್ಪಿಸಿಕೊಳ್ಳುವ ದಾರಿ ಇದೆ. 3ನೇ ಹಂತದ ಸ್ಲಾಟ್‌ಗೆ ಇದು ನಾಲ್ವರನ್ನು ಕಾಡುತ್ತದೆ. ಅದೇ ಹಂತದ ಹಿಪ್ನಾಟಿಕ್ ಪ್ಯಾಟರ್ನ್ 30 ಅಡಿಯ ಘನದಲ್ಲಿ ಆರು ಜನರ ಸರದಿಯನ್ನೇ ಪೂರ್ತಿ ಕಸಿಯಬಲ್ಲದು. ಆದ್ದರಿಂದ ಮೇಲಿನ ಹಂತದಲ್ಲೂ ಇದು ಪುಸ್ತಕದ ಮಂತ್ರವನ್ನು ತಳ್ಳಿ ಕೂರುವುದಿಲ್ಲ.

ಪರೀಕ್ಷೆ

ಮೂರು ಕಾಳಗ ಸಾಕು: ಎಂಟು ಪುಂಡರು, ನಾಲ್ಕು ಸಮಬಲರು, ಒಬ್ಬ ನಾಯಕ. ಪ್ರತಿಯೊಂದನ್ನೂ ಎರಡು ಸಲ ಆಡಿ, ಒಮ್ಮೆ ಹೊಸ ಮಂತ್ರದಿಂದ, ಒಮ್ಮೆ ನೆರೆಮನೆಯ ಪುಸ್ತಕದ ಮಂತ್ರದಿಂದ. ಆಮೇಲೆ ಅದೇ ಮಂತ್ರವನ್ನು ಎದುರಾಳಿಯ ಕೈಗೆ ಕೊಟ್ಟು ಆಟಗಾರರ ಮೇಲೆ ಹಾಕಿ. ಮೂರು ಸುತ್ತು ಏನೂ ಮಾಡಲಾಗದೆ ಕೂತವರಿದ್ದರೆ ಹಿಡಿತ ಬಿಗಿಯಾಗಿದೆ ಎಂದರ್ಥ.

ಇಳಿಸಬೇಕಾಗಿ ಬಂದರೆ ದಾಳಕ್ಕೆ ಕೈ ಹಾಕುವುದು ಕೊನೆಗೆ. ಮೊದಲು ತ್ರಿಜ್ಯ ಇಳಿಸಿ, ಆಮೇಲೆ ಮತ್ತೆ ಸೇವ್ ಮಾಡುವ ಅವಕಾಶ ಸೇರಿಸಿ, ಆಮೇಲೆ ಕಾನ್ಸಂಟ್ರೇಶನ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಏರಿಸಬೇಕಾದರೆ ದೂರ ಏರಿಸಿ ನೋಡಿ: 60 ಅಡಿಯನ್ನು 90 ಮಾಡಿದರೆ ಆಟಗಾರನಿಗೆ ಖುಷಿ, ತೂಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಬದಲಾವಣೆಯನ್ನು ಆಟದ ನಡುವೆ ಮಾಡಬೇಡಿ. ಆ ದಿನದ ಆಟ ಮುಗಿದ ಮೇಲೆ ಮಂತ್ರದ ಚೀಟಿಯ ಮೇಲೆ ತಾರೀಕು ಹಾಕಿ ತಿದ್ದಿ, ಹಳೆಯ ಚೀಟಿ ಇಟ್ಟುಕೊಳ್ಳಿ. ಆ ಮಂತ್ರಕ್ಕೆಂದು ಸ್ಲಾಟ್ ಮೀಸಲಿಟ್ಟ ಆಟಗಾರನಿಗೆ ಬೇರೊಂದನ್ನು ಆರಿಸಿಕೊಳ್ಳುವ ಅವಕಾಶವನ್ನೂ ಆಗಲೇ ಕೊಡಿ.